ಡಯಟ್ ರ‍್ಯಾಂಕ್ ನೋಡಿ ಗಂಜಿ ಬಿಡುವ ಮೊದಲು

ಹೊಸ ವರ್ಷ ಬಂತೆಂದರೆ ಅಮೆರಿಕದ ಯುಎಸ್ ನ್ಯೂಸ್‌ನ ಡಯಟ್ ಪಟ್ಟಿ ಫೋನಿಂದ ಫೋನಿಗೆ ಓಡುತ್ತದೆ. ಮೆಡಿಟರೇನಿಯನ್ ಡಯಟ್ ವರ್ಷಗಳಿಂದ ಅಲ್ಲಿ ಮೊದಲು, ಅನ್ನ, ರೊಟ್ಟಿ ಬಿಟ್ಟು ಕೊಬ್ಬೇ ಹೆಚ್ಚು ತಿನ್ನುವ ಕೀಟೋ ಎಲ್ಲೋ ಕೆಳಗೆ. ಆದರೆ ಪಕ್ಕದ ಮನೆಯವರು ಕೀಟೋ ಮಾಡಿಯೇ ಸಣ್ಣ ಆದರು, ಹಾಗಾದರೆ ಯಾವುದನ್ನು ನಂಬೋದು?

ಮೊದಲು ಅಂಕ ಯಾವುದಕ್ಕೆ ಕೊಟ್ಟಿದ್ದಾರೆ ಅಂತ ನೋಡಿ. ಒಟ್ಟಾರೆ ಅಂಕ ಬೇರೆ, ತೂಕ ಇಳಿಸುವ ಅಂಕ ಬೇರೆ. ಡ್ಯಾಶ್ ಡಯಟ್‌ಗೆ ಒಳ್ಳೆಯ ಅಂಕ ಸಿಗುತ್ತದೆ, ಆದರೆ ಅದನ್ನು ರೂಪಿಸಿದ್ದು ಬಿಪಿ ಇಳಿಸಲು. ಕೀಟೋ ಹಿಂದೆ ಬೀಳುವುದು ತೂಕ ಇಳಿಯದೆ ಅಲ್ಲ, ತುಂಬಾ ಬಿಡಬೇಕು, ತುಂಬಾ ದಿನ ನಡೆಸುವುದು ಕಷ್ಟ ಅಂತ.

ಲೆಕ್ಕ ಹಾಕಿ ನೋಡಿ. ಕೀಟೋದಲ್ಲಿ ದಿನಕ್ಕೆ ಸಾಮಾನ್ಯವಾಗಿ 20ರಿಂದ 50 ಗ್ರಾಂ ಕಾರ್ಬ್, ಅಂದರೆ ಅನ್ನ, ಹಿಟ್ಟು, ಸಕ್ಕರೆಯಲ್ಲಿರುವ ಕಾರ್ಬೋಹೈಡ್ರೇಟ್. ಒಂದು ಕಪ್ ಅನ್ನದಲ್ಲೇ ಸುಮಾರು 45 ಗ್ರಾಂ. ಅಂದರೆ ಕುಚಲಕ್ಕಿ ಗಂಜಿ, ನೀರುದೋಸೆ, ಕೋರಿ ರೊಟ್ಟಿ ಎಲ್ಲಕ್ಕೂ ಕೈಮುಗಿಯಬೇಕು. ನನ್ನ ಅಕ್ಕ ಮೂರು ವಾರ ಹೀಗೆ ನಡೆಸಿದಳು. ಮೊದಲ ವಾರ ಸರ‍್ರನೆ ಇಳಿದದ್ದು ಬಹುಪಾಲು ಮೈಯ ನೀರು, ಅನ್ನ ಶುರುವಾದ ಕೂಡಲೇ ವಾಪಸ್ ಬಂತು. ಅವಳು ತನಗೆ ಮನಸ್ಸು ಗಟ್ಟಿಯಿಲ್ಲ ಅಂದುಕೊಂಡು ಅತ್ತಳು, ನನಗೆ ಈಗಲೂ ಬೇಸರ. ತಪ್ಪು ಅವಳದ್ದಲ್ಲ.

2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು 609 ಜನರನ್ನು ಒಂದು ವರ್ಷ ನೋಡಿದರು. ಕೊಬ್ಬು ಕಡಿಮೆ ತಿಂದವರು ಸರಾಸರಿ 5.3 ಕಿಲೊ, ಕಾರ್ಬ್ ಕಡಿಮೆ ತಿಂದವರು 6 ಕಿಲೊ ಇಳಿದರು. ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ಹಾಗಾಗಿ ಪ್ರತಿ ಡಯಟ್‌ಗೂ ಒಂದೇ ಪ್ರಶ್ನೆ ಕೇಳಿ: ಇದನ್ನು ಬರುವ ಮಳೆಗಾಲದಲ್ಲೂ ಉಣ್ಣಬಲ್ಲೆನಾ?

ಮೆಡಿಟರೇನಿಯನ್ ಅಂದರೆ ಆಲಿವ್ ಎಣ್ಣೆ ಬಾಟಲಿ ಮಾತ್ರ ಅಲ್ಲ. ಮೀನು, ಕಾಳು, ತರಕಾರಿ ಅದರ ಜೀವ, ಅವು ನಮ್ಮಲ್ಲೇ ಇವೆ. ಬೂತಾಯಿ, ಬಂಗುಡೆಯನ್ನು ತವಾದಲ್ಲಿ ಎಣ್ಣೆ ಸುರಿದು ಹುರಿಯುವ ಬದಲು ಪುಳಿಮುಂಚಿ ಮಾಡಿ. ಬೋಟುಗಳು ಕಡಲಿಗಿಳಿಯದ ಜೂನ್, ಜುಲೈನಲ್ಲಿ ಹುರುಳಿ ಸಾರು, ಹೆಸರುಕಾಳು, ಬಸಳೆ. ಬಟ್ಟಲಲ್ಲಿ ಅನ್ನ ಅರ್ಧ ಕಡಿಮೆ, ಪಲ್ಯ ಎರಡು ಪಾಲು ಜಾಸ್ತಿ. ತೆಂಗಿನೆಣ್ಣೆಯನ್ನು ಮಾತ್ರ ಆಲಿವ್ ಎಣ್ಣೆಗೆ ಸಮ ಅನ್ನಬೇಡಿ, ಅದರಲ್ಲಿ ಕೆಟ್ಟ ಕೊಲೆಸ್ಟ್ರಾಲ್ ಏರಿಸುವ ಸ್ಯಾಚುರೇಟೆಡ್ ಕೊಬ್ಬೇ ಹೆಚ್ಚು. ಚಮಚದಲ್ಲಿ ಅಳೆದು ಹಾಕಿ.

16:8 ಉಪವಾಸ (16 ಗಂಟೆ ಏನೂ ತಿನ್ನದೆ, ಉಳಿದ 8 ಗಂಟೆಯೊಳಗೆ ಊಟ) ಸುಲಭ ಅನಿಸಿದರೆ ರಾತ್ರಿ ಏಳಕ್ಕೆ ಊಟ ಮುಗಿಸಿ, ಮರುದಿನ ಹನ್ನೊಂದಕ್ಕೆ ತಿನ್ನಿ. ನಾಲ್ಕು ಗಂಟೆಯ ಗೋಳಿಬಜೆ, ಬನ್ಸ್ ಲೆಕ್ಕಕ್ಕೆ ಸೇರುತ್ತವೆ. ಇನ್ಸುಲಿನ್ ಅಥವಾ ಶುಗರ್ ಮಾತ್ರೆ ತೆಗೆದುಕೊಳ್ಳುವವರು ದಯವಿಟ್ಟು ಡಾಕ್ಟರನ್ನು ಕೇಳದೆ ಉಪವಾಸವನ್ನಾಗಲಿ ಕೀಟೋವನ್ನಾಗಲಿ ಶುರು ಮಾಡಬೇಡಿ, ಶುಗರ್ ತೀರಾ ಇಳಿದು ಬಿದ್ದುಬಿಡಬಹುದು.

ತೂಕವನ್ನು ವಾರಕ್ಕೊಮ್ಮೆ, ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ನೋಡಿ ಬರೆದಿಡಿ. ಜೊತೆಗೆ ಟೇಪಿನಲ್ಲಿ ಹೊಟ್ಟೆಯ ಸುತ್ತಳತೆಯನ್ನೂ.