ಕೊಯ್ಲಿನ ತಿಂಗಳಲ್ಲಿ ವಾರಕ್ಕೆ ಎಷ್ಟು ದಿನ ಯೋಗ?

ಯೋಗ ದಿನಾ ಮಾಡಬೇಕಾ, ವಾರಕ್ಕೆ ಮೂರು ದಿನ ಸಾಕಾ ಅಂತ ಯಾರಾದರೂ ಕೇಳಿದರೆ, ಉಳಿದ ಹೊತ್ತು ನಿಮ್ಮ ಮೈಗೆ ಏನು ಕೆಲಸ ಅಂತ ನಾನು ಮೊದಲು ವಿಚಾರಿಸುತ್ತೇನೆ. ಸಕಲೇಶಪುರದ ಕಡೆ ನಮ್ಮದು ಚಿಕ್ಕ ಕಾಫಿ ತೋಟ. ಚಾಪೆಯ ಮೇಲಿನ ದಣಿವು, ತೋಟದ ದಣಿವು ಎರಡನ್ನೂ ಕೂಡಿಸಿಯೇ ನನ್ನ ಲೆಕ್ಕ.

ನಾನು ಮಾಡುವುದು ಅಷ್ಟಾಂಗ ವಿನ್ಯಾಸ ಪದ್ಧತಿ, ಅಂದರೆ ಉಸಿರಿನ ಲಯಕ್ಕೆ ಒಂದರ ಹಿಂದೊಂದು ಆಸನ ಮಾಡುವ ಯೋಗ. ಅದನ್ನು ಲೋಕಕ್ಕೆಲ್ಲ ಹಬ್ಬಿಸಿದ ಪಟ್ಟಾಭಿ ಜೋಯಿಸರು 1915ರಲ್ಲಿ ಹುಟ್ಟಿದ್ದು ನಮ್ಮ ಹಾಸನದ ಹತ್ತಿರದ ಕೌಶಿಕದಲ್ಲಿ. 1927ರಲ್ಲಿ ಯೋಗಗುರು ಕೃಷ್ಣಮಾಚಾರ್ಯರ ಆಸನ ಪ್ರದರ್ಶನ ನೋಡಿ ಅವರಿಗೆ ಯೋಗದ ಹುಚ್ಚು ಹಿಡಿದದ್ದೂ ಹಾಸನದಲ್ಲೇ. ಆ ಪದ್ಧತಿಯಲ್ಲಿ ವಾರಕ್ಕೆ ಆರು ದಿನ ಅಭ್ಯಾಸ, ಶನಿವಾರ ರಜೆ. ಅಮಾವಾಸ್ಯೆ, ಹುಣ್ಣಿಮೆಗೂ ರಜೆ. ಬಹಳ ಕಟ್ಟುನಿಟ್ಟು ಅಂತ ಹೆಸರಾದ ಪದ್ಧತಿಯಲ್ಲೇ ಇಷ್ಟು ಬಿಡುವಿದೆ, ನೋಡಿ. ಚಂದ್ರನ ವಿಚಾರ ನಂಬುವುದು ಬಿಡುವುದು ಅವರವರ ಇಷ್ಟ. ನನಗಂತೂ ಕ್ಯಾಲೆಂಡರ್ ನೋಡಿದರೆ ಮುಗಿಯಿತು. ಇವತ್ತು ಮಾಡಲಾ ಬಿಡಲಾ ಅಂತ ಬೆಳಗ್ಗೆ ಎದ್ದು ಚೌಕಾಸಿ ಮಾಡುವ ಗೋಜಿಲ್ಲ.

ಆರು ದಿನದ ಲೆಕ್ಕ ನನಗೆ ಒಗ್ಗುವುದು ಮಳೆಗಾಲದಲ್ಲಿ. ಆಗ ಹೊರಗಿನ ಕೆಲಸ ಕಡಿಮೆ. ಥಂಡಿಗೆ ಮೈ ಬಿಗಿದಿರುತ್ತದೆ, ಹಾಗಾಗಿ ಸೂರ್ಯನಮಸ್ಕಾರ ಒಂದಷ್ಟು ಜಾಸ್ತಿ, ಅಷ್ಟೇ.

ನವೆಂಬರ್ ಹೊತ್ತಿಗೆ ಅರೇಬಿಕಾ ಕಾಫಿ ಹಣ್ಣಾಗಲು ಶುರುವಾದರೆ ಕಥೆಯೇ ಬೇರೆ. ಅದು ಮುಗಿಯುವಷ್ಟರಲ್ಲಿ ಇನ್ನೊಂದು ತಳಿ, ರೊಬಸ್ಟಾ. ದಿನವಿಡೀ ಇಳಿಜಾರಿನಲ್ಲಿ ಹತ್ತಿ ಇಳಿಯಬೇಕು, ಮೂಟೆ ಎತ್ತಬೇಕು, ಕಣದಲ್ಲಿ ಬಗ್ಗಿ ಕಾಫಿ ಕೆದಕಬೇಕು. ಆಗ ಪೂರ್ತಿ ಅಭ್ಯಾಸ ಒಂದು ದಿನ ಬಿಟ್ಟು ಒಂದು ದಿನ. ಮಧ್ಯದ ದಿನಗಳಲ್ಲಿ ನಿಧಾನಕ್ಕೆ ಕೆಲವು ನಮಸ್ಕಾರ, ಕಾಲನ್ನು ಗೋಡೆಗೆ ಆನಿಸಿ ಸುಮ್ನೆ ಮಲಗುವುದು, ಆಮೇಲೆ ಶವಾಸನ. ಬಗ್ಗಿ ಬಗ್ಗಿ ಸಾಕಾದ ಸೊಂಟಕ್ಕೆ ಮತ್ತೆ ಮುಂದೆ ಬಗ್ಗುವ ಆಸನ ಕೊಡುವುದಿಲ್ಲ.

ಇದಕ್ಕೆ ಕಾರಣವೂ ಇದೆ. ಅಭ್ಯಾಸವಿಲ್ಲದ ಕೆಲಸ ಮಾಡಿದರೆ ಮೈಕೈ ನೋವು ಅವತ್ತೇ ಗೊತ್ತಾಗುವುದಿಲ್ಲ. ಜೋರಾಗುವುದು 24ರಿಂದ 72 ಗಂಟೆಯ ಒಳಗೆ. ಸೋಮವಾರ ಮೂಟೆ ಹೊತ್ತದ್ದು ಬುಧವಾರ ಚಾಪೆಯ ಮೇಲೆ ಮಾತಾಡುತ್ತದೆ. ಮಾಂಸಖಂಡ ಬೇಗ ಸುಧಾರಿಸಿಕೊಳ್ಳುತ್ತದೆ. ಅದನ್ನು ಮೂಳೆಗೆ ಹಿಡಿದಿಡುವ ಗಟ್ಟಿ ನಾರಿಗೆ ರಕ್ತದ ಓಡಾಟ ಕಡಿಮೆ, ಅದಕ್ಕೆ ಟೈಮ್ ಬೇಕು.

ಹಾಗಾಗಿ ಯಾವ ನೋವು ಅಂತ ಮೊದಲು ನೋಡುತ್ತೇನೆ. ಎರಡೂ ತೊಡೆ ಒಂದೇ ಥರ ಭಾರ, ಮೆಟ್ಟಿಲು ಇಳಿಯುವಾಗ ಹಿಡಿದ ಹಾಗೆ, ನಾಲ್ಕು ನಮಸ್ಕಾರ ಹಾಕಿದರೆ ಸಡಿಲ. ಇಂಥದ್ದಕ್ಕೆ ತಲೆ ಕೆಡಿಸಿಕೊಳ್ಳುವುದಿಲ್ಲ. ಜೀಪಿನಲ್ಲಿ ಕೂತಾಗ ಒಂದೇ ಪಕ್ಕದಲ್ಲಿ, ಸೀಟಿಗೆ ಒತ್ತುವ ಮೂಳೆಯ ಹತ್ತಿರ, ಬೆರಳಿಟ್ಟು ತೋರಿಸುವಂತೆ ನೋವಿದ್ದರೆ, ಕಾಲು ಚಾಚಿ ಕೂತು ಮುಂದೆ ಬಗ್ಗುವ ಪಶ್ಚಿಮೋತ್ತಾನಾಸನ ಬಂದ್. ತೊಡೆಯ ಹಿಂಭಾಗದ ನಾರು ಮೂಳೆಗೆ ಅಂಟಿಕೊಳ್ಳುವ ಜಾಗ ಅದು. ಎಳೆದು ಸರಿ ಮಾಡುತ್ತೇನೆ ಅಂತ ಹೊರಟರೆ ಇನ್ನೂ ಕೆರಳುತ್ತದೆ, ವಾರಗಟ್ಟಲೆ ಬಿಡುವುದಿಲ್ಲ. ಮಂಡಿಯ ಒಳಗೆ ಚುಳುಕ್ ಅಂದರೆ ಪದ್ಮಾಸನವೂ ಬೇಡ. ಕಾಲಿಗೆ ಜೋಮು ಇಳಿದರೆ ಡಾಕ್ಟರ ಹತ್ತಿರ ಹೋಗಬೇಕು, ಯೋಗದ ಮೇಷ್ಟರ ಹತ್ತಿರ ಅಲ್ಲ.

ಉಸಿರೂ ಹೇಳುತ್ತದೆ. ಶುರುವಿನ ನಮಸ್ಕಾರಗಳಲ್ಲೇ ಉಸಿರು ತುಂಡು ತುಂಡಾದರೆ ರಾತ್ರಿ ನಿದ್ದೆ ಸಾಲಲಿಲ್ಲ ಅಂತಲೇ ಅರ್ಥ. ಅವತ್ತು ಅಲ್ಲಿಗೇ ಚಾಪೆ ಸುತ್ತಿಡುತ್ತೇನೆ.

ಶನಿವಾರ ಎಣ್ಣೆ ಸ್ನಾನ. ಹರಳೆಣ್ಣೆ ಹಚ್ಚಿಕೊಂಡು ಕೂತು, ಬಿಸಿನೀರು, ಸೀಗೆಪುಡಿ. "ಎಣ್ಣೆ ನೀರು ಹಾಕ್ಕೊಂಡ್ಮೇಲೆ ತೋಟದ ಕಡೆ ತಲೆ ಹಾಕ್ಬೇಡ ಕಣೋ" ಅಂತ ಅಮ್ಮ ಈಗಲೂ ಗದರುತ್ತಾರೆ. ಮಧ್ಯಾಹ್ನದ ನಿದ್ದೆಗೆ ಅದಕ್ಕಿಂತ ಒಳ್ಳೆ ನೆಪ ಬೇಕಾ?

ಕೊಯ್ಲು ಮುಗಿದು, ಕಾಫಿ ಹೂ ಅರಳಿಸುವ ಹೂಮಳೆ ಕಾಯುವ ಹೊತ್ತಿಗೆ ಮತ್ತೆ ದಿನ ಹೆಚ್ಚಿಸುತ್ತೇನೆ, ಒಂದೇ ಸಲ ಆರಕ್ಕೆ ಹಾರದೆ ವಾರಕ್ಕೊಂದು ದಿನ ಸೇರಿಸುತ್ತಾ. ಮೊದಲು ನಿಂತು ಮಾಡುವ ಆಸನಗಳು, ಅವು ಹಗುರಾದ ಮೇಲೆ ಕೂತು ಮಾಡುವವು. ಹಿಂದಕ್ಕೆ ಬಾಗುವ ಆಸನಗಳ ಸರದಿ ಎಲ್ಲಕ್ಕಿಂತ ಕೊನೆಗೆ.