ಕರ್ಣ ಯಾವುದು, ವಿಕರ್ಣ ಯಾವುದು? ಗಣಿತದ ಅಂಕ ಸೋರುವ ಜಾಗ

ಕೇರಳದಲ್ಲಿ 2024-25ರಿಂದ 8ನೇ ತರಗತಿ ಮಕ್ಕಳಿಗೆ ಲಿಖಿತ ಪರೀಕ್ಷೆಯಲ್ಲೇ ಶೇ. 30 ಬೇಕು, 40 ಅಂಕದ ಪತ್ರಿಕೆಯಾದರೆ 12. ಸಿ.ಇ. (ನಿರಂತರ ಮೌಲ್ಯಮಾಪನ) ಅಂಕದ ಮರೆಯಲ್ಲಿ ಇದ್ದದ್ದೆಲ್ಲ ಹೊರಗೆ ಬಿತ್ತು. ಕಾಸರಗೋಡಿನ ಕನ್ನಡ ಮಾಧ್ಯಮದಲ್ಲಿ ಗಣಿತಕ್ಕೆ ನಾವು ಹಿಡಿದ ಕ್ರಮ ಇದು.

ಒಟ್ಟು ಅಂಕದ ಪಟ್ಟಿಯಿಂದ ಏನೂ ತಿಳಿಯುವುದಿಲ್ಲ. ಚೌಕುಳಿ ಹಾಳೆಯಲ್ಲಿ ಅಡ್ಡಕ್ಕೆ ಪ್ರಶ್ನೆ ಸಂಖ್ಯೆ, ಕೆಳಕ್ಕೆ ಹೆಸರು. ಉತ್ತರ ಸರಿಯಿದ್ದರೆ ಗೆರೆ, ಮುಟ್ಟದೆ ಬಿಟ್ಟಿದ್ದರೆ ಸೊನ್ನೆ, ದಾರಿ ಸರಿಯಿದ್ದು ಲೆಕ್ಕ ತಪ್ಪಿದ್ದರೆ ‘ಲೆ’, ಕೇಳಿದ್ದೊಂದು ಮಾಡಿದ್ದೊಂದು ಆಗಿದ್ದರೆ ‘ಭಾ’, ಅಂದರೆ ಭಾಷೆಯ ತೊಡಕು. ಪೇಪರ್ ತಿದ್ದುವಾಗಲೇ ತುಂಬಬೇಕು. ಆಮೇಲೆ ಮಾಡೋಣ ಎಂದರೆ ಆಗುವ ಕೆಲಸವಲ್ಲ. ಒಂದು ಕಂಬಸಾಲಿನಲ್ಲಿ ಅರ್ಧಕ್ಕಿಂತ ಹೆಚ್ಚು ಸೊನ್ನೆ ಬಂದರೆ ತಪ್ಪು ಮಕ್ಕಳದ್ದಲ್ಲ, ಪಾಠದ್ದು.

‘ಭಾ’ ಹೌದೋ ಅಲ್ಲವೋ ಎಂದು ತಿಳಿಯಲು ಅದೇ ಪ್ರಶ್ನೆಯನ್ನು ಚಿತ್ರ ಬರೆದು ಮಗುವಿನ ಮನೆಮಾತಿನಲ್ಲಿ ಕೇಳಿ. ತುಳು, ಮಲಯಾಳ, ಬ್ಯಾರಿ, ಮರಾಠಿ ಯಾವುದಾದರೂ ಸರಿ. ಆಗ ಮಾಡಿದರೆ ಪೆಟ್ಟು ಶಬ್ದದ್ದು.

ನಮಗೆ ಸಿಕ್ಕಿದ ದೊಡ್ಡ ಪೆಟ್ಟು ‘ಕರ್ಣ’. ಕರ್ನಾಟಕದ ಪುಸ್ತಕಗಳಲ್ಲಿ ಚತುರ್ಭುಜದ ಎದುರು ಮೂಲೆ ಸೇರಿಸುವ ಗೆರೆ ಕರ್ಣ, ಲಂಬಕೋನದ ಎದುರಿನ ಬಾಹು ವಿಕರ್ಣ. ಮಲಯಾಳದಲ್ಲಿ ನೇರ ತಿರುವುಮುರುವು! ಮಂಗಳೂರಿನಿಂದ ತಂದ ಗೈಡ್ ಒಂದು ಕಡೆ, ಮಲಯಾಳದ ಟ್ಯೂಷನ್, ವಿಡಿಯೋ ಇನ್ನೊಂದು ಕಡೆ, ಮಗು ನಡುವೆ. ಕರ್ಣಗಳು 12 ಮತ್ತು 16 ಸೆ.ಮೀ. ಇರುವ ವಜ್ರಾಕೃತಿಯ ವಿಸ್ತೀರ್ಣ ಕೇಳಿದರೆ ಅರ್ಧ × 12 × 16 = 96 ಬರಬೇಕು. ಮಗು 16ನ್ನು ಲಂಬಕೋನದ ಎದುರು ಬಾಹು ಮಾಡಿ, 256ರಿಂದ 144 ಕಳೆದು, 112ರ ವರ್ಗಮೂಲ ಹುಡುಕುತ್ತಾ ಕೂತಿರುತ್ತದೆ. ಕಳೆದದ್ದು ಸರಿಯೇ, ಅದಕ್ಕೆ ‘ಲೆ’ ಹಾಕಿದರೆ ಮದ್ದು ತಪ್ಪುತ್ತದೆ.

ಮದ್ದಿಗೆ ಖರ್ಚಿಲ್ಲ. ಪಾಠಕ್ಕೊಂದು ಎ4 ಹಾಳೆ, ಮೂರು ಅಂಕಣ: ನಮ್ಮ ಪಠ್ಯಪುಸ್ತಕದ ಶಬ್ದ, ಮಲಯಾಳದ ಶಬ್ದ ಕನ್ನಡ ಲಿಪಿಯಲ್ಲಿ, ಚಿತ್ರ. ಹತ್ತು ಶಬ್ದ ದಾಟಬಾರದು, ದಾಟಿದರೆ ಯಾರೂ ಓದುವುದಿಲ್ಲ. ಕನ್ನಡ ಬಾರದ ಟೀಚರ್ ಬಂದ ವರ್ಷ ಈ ಹಾಳೆ ಅವರಿಗೇ ಹೆಚ್ಚು ಬೇಕಾಗುತ್ತದೆ.

ಮೂರು ವಾರ ಬಿಟ್ಟು ಸಂಖ್ಯೆ ಬದಲಿಸಿ ಪುನಃ ಕೇಳಿ: ಕರ್ಣ 10, 24. ವಿಸ್ತೀರ್ಣ 120. ಅದಷ್ಟೇ ಕೇಳಿದರೆ ಸೂತ್ರ ಬಾಯಿಪಾಠ ಮಾಡಿದವರೂ ಪಾರಾಗುತ್ತಾರೆ. ಬಾಹು ಎಷ್ಟು ಎಂದೂ ಕೇಳಬೇಕು. 5, 12 ಎಂದು ಅರ್ಧ ಮಾಡಿ 13 ತಂದವರ ಚೌಕದಲ್ಲಿ ಮಾತ್ರ ಗೆರೆ.