ತಾಮ್ರ ಹೊದಿಸಿದ ಟೇಬಲ್ ಅಂಚು ಕೈ ಕೊಯ್ಯುತ್ತಿದೆಯಾ?

ಪುಣೆಯ ಗೆಳೆಯರೇ, ನಮ್ಮ ಮನೆಯಲ್ಲೊಂದು ತಾಮ್ರದ ತಗಡು ಹೊದಿಸಿದ ಟೀಪಾಯ್ ಇದೆ. ನೋಡೋಕೆ ಚೆಂದ. ಆದರೆ ಹೋದ ವಾರ ಮಗಳ ಲಂಗ ಮೂಲೆಗೆ ಸಿಕ್ಕಿ ಪರ್ ಅಂತ ಹರಿಯಿತು. ಭಾನುವಾರ ಕೂತು ನಾನೇ ಸರಿಮಾಡಿದೆ.

ಮೊದಲು ಚೂಪು ಎಲ್ಲಿದೆ ಅಂತ ಬೆರಳಿಟ್ಟು ನೋಡಬೇಡಿ. ಹತ್ತಿಯ ಉಂಡೆಯನ್ನು ಅಂಚಿನ ಮೇಲೆ ಮೆಲ್ಲಗೆ ಎಳೆಯಿರಿ. ಎಳೆ ಸಿಕ್ಕಿಕೊಂಡ ಕಡೆ ಪೆನ್ಸಿಲ್ ಗುರುತು ಹಾಕಿ. ದಪ್ಪ ಗ್ಲೌಸ್ ಬೇಕೇ ಬೇಕು.

ಅಲ್ಲಿ ನಯವಾದ ಅರ ಹಿಡಿದು ಒಂದೇ ದಿಕ್ಕಿಗೆ ಉಜ್ಜಿ. ಹಿಂದೆ ಮುಂದೆ ಗರಗಸದ ಹಾಗೆ ಎಳೆದರೆ ತಗಡು ಮೇಲಕ್ಕೆ ಎದ್ದುಬಿಡುತ್ತದೆ. ತಾಮ್ರ ಮೆತ್ತಗಿನ ಲೋಹ, ನಾಲ್ಕೈದು ಸಲ ಸಾಕು. ಆಮೇಲೆ 400 ನಂಬರಿನ, ಕೊನೆಗೆ 600 ನಂಬರಿನ ಸ್ಯಾಂಡ್ ಪೇಪರ್. ನನಗೆ ಜಾಸ್ತಿ ಇಷ್ಟವಾಗಿದ್ದು ಮುಂದಿನ ಕೆಲಸ: ಸ್ಟೀಲ್ ಚಮಚದ ಬೆನ್ನಿನಿಂದ ಅಂಚನ್ನು ಒತ್ತಿ ಒತ್ತಿ ತೀಡುವುದು. ಅಂಚು ಉರುಟಾಗಿ, ಕನ್ನಡಿಯ ಹಾಗೆ ಹೊಳೆಯುತ್ತದೆ. ಪುಡಿಯನ್ನು ಊದಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ.

ತಗಡು ಎದ್ದಿದ್ದರೆ ಮರದ ಕೊಡತಿಯಲ್ಲಿ ಹಗುರವಾಗಿ ತಟ್ಟಿ ಕೂರಿಸಿ, ತಾಮ್ರದ ಮೊಳೆಯನ್ನೇ ಹೊಡೆಯಿರಿ. ಕಬ್ಬಿಣದ ಮೊಳೆ ಸುಮ್ನೆ ದಂಡ. ತಾಮ್ರಕ್ಕೆ ತಾಗಿಕೊಂಡ ಕಬ್ಬಿಣ ತೇವದಲ್ಲಿ ಬೇಗ ತುಕ್ಕು ಹಿಡಿಯುತ್ತದೆ, ಇಲ್ಲಿಯ ಮಳೆಗಾಲ ಗೊತ್ತಲ್ವಾ!

ಉಜ್ಜಿದ ಜಾಗ ಬೇರೆ ಬಣ್ಣ ಕಾಣುತ್ತದೆ. ಹುಣಸೆಹಣ್ಣು, ಉಪ್ಪು ಹಾಕಿ ಇಡೀ ಮೇಲ್ಮೈ ತಿಕ್ಕಿ, ಒದ್ದೆ ಬಟ್ಟೆಯಲ್ಲಿ ಹುಳಿ ಪೂರ್ತಿ ತೆಗೆದು, ಒಣ ಬಟ್ಟೆಯಲ್ಲಿ ಒರೆಸಿ. ಮೇಲೆ ಲ್ಯಾಕರ್ ಅನ್ನೋ ಪಾರದರ್ಶಕ ಲೇಪ ಹಚ್ಚಿದ ಮೇಜಾದರೆ ಇದು ಬೇಡ.

ತಗಡೇ ಸೀಳಿದ್ದರೆ ಕಸಬಾ ಪೇಠೆಯ ‘ತಾಂಬಟ್ ಆಳಿ’ ಅನ್ನೋ ತಾಮ್ರ ಕೆಲಸದವರ ಓಣಿಗೆ ಹೋಗಿ ಕೇಳಿ. ಅಲ್ಲಿ ತಾಮ್ರ ಬಡಿಯುವ ಸದ್ದೇ ದಾರಿ ತೋರಿಸುತ್ತದೆ.